ಸೆಬಿ ಅಧ್ಯಕ್ಷರೇ, ನಮ್ಮ ಮತವನ್ನು ಬೇರೆ ಎಣಿಸಿ

ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿಯ ಮಾನ್ಯ ಅಧ್ಯಕ್ಷರಿಗೆ ನಮಸ್ಕಾರ.

ಡಿಲಿಸ್ಟಿಂಗ್, ಫ್ಲೋರ್ ಪ್ರೈಸ್, ರಿವರ್ಸ್ ಬುಕ್ ಬಿಲ್ಡಿಂಗ್, ಇವೆಲ್ಲ ನಿಮ್ಮ ಕಚೇರಿಯಲ್ಲಿ ದಿನಾ ಓಡಾಡುವ ಪದಗಳು. ನಿಮಗೆ ನಾನು ಪಾಠ ಹೇಳಬೇಕಾಗಿಲ್ಲ. ನಮ್ಮಂಥವರೂ ಇವನ್ನು ಕಲಿತಿದ್ದೇವೆ, ಆದರೆ ಇಷ್ಟಪಟ್ಟು ಅಲ್ಲ, ದುಡ್ಡು ಹೋಗುತ್ತದೆ ಅನ್ನೋ ಹೆದರಿಕೆಯಿಂದ.

ಕೇಳುವುದು ಒಂದೇ. ಕಂಪನಿಯ ಮಾಲೀಕರು ಉಳಿದ ಷೇರನ್ನೆಲ್ಲ ಕೊಂಡು, ಕಂಪನಿಯನ್ನು ಷೇರುಪೇಟೆಯಿಂದ ಹೊರಗೆ ಒಯ್ಯುತ್ತೇವೆ, ಅಂದರೆ ಡಿಲಿಸ್ಟಿಂಗ್ ಮಾಡುತ್ತೇವೆ ಅಂದಾಗ, ಎರಡು ಲಕ್ಷ ರೂಪಾಯಿಯೊಳಗೆ ಷೇರು ಇಟ್ಟುಕೊಂಡವರ ಮತವನ್ನು ಬೇರೆ ಎಣಿಸಿ. ನಮ್ಮಲ್ಲಿ ಹೆಚ್ಚಿನವರು ಬೇಡ ಅಂದರೆ ಬೇಡ. ಅಷ್ಟೇ.

ನಾನು ಚಿತ್ರದುರ್ಗದವನು, ನಿವೃತ್ತ. ಸೆಸಾ ಗೋವಾ ಅನ್ನೋ ಹೆಸರಿದ್ದಾಗ ಸ್ವಲ್ಪ ಷೇರು ತಗೊಂಡಿದ್ದೆ. ಕಾರಣ ದೊಡ್ಡದೇನಲ್ಲ. ಭೀಮಸಮುದ್ರದ ಕಡೆ ಅವರ ಕಬ್ಬಿಣದ ಅದಿರಿನ ಗಣಿ ಇತ್ತು, ಕಣ್ಣಿಗೆ ಕಾಣುವ ವ್ಯಾಪಾರ, ಯಾವುದೋ ಮುಂಬೈ ಕಂಪನಿಗಿಂತ ವಾಸಿ ಅನ್ನಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಆಮೇಲೆ ಚಿತ್ರದುರ್ಗ, ತುಮಕೂರಿನ ಗಣಿಗಳನ್ನು ನಿಲ್ಲಿಸಿತು. ಮರುವರ್ಷ ಗೋವಾದಲ್ಲೂ ನಿಂತಿತು. ಆಗ ಮಾರಲಿಲ್ಲ. 2013ರಲ್ಲಿ ಸೆಸಾ ಸ್ಟರ್ಲೈಟ್ ಆಯಿತು, 2015ರಲ್ಲಿ ವೇದಾಂತ ಆಯಿತು. ಆಗಲೂ ಮಾರಲಿಲ್ಲ. ಹಟ ಅಂತೇನಲ್ಲ ಸಾರ್, ಕಷ್ಟಕಾಲ ದಾಟಿದರೆ ಒಳ್ಳೇ ಕಾಲದಲ್ಲಿ ನಮಗೂ ಒಂದು ಪಾಲು ಸಿಗುತ್ತದೆ ಅನ್ನೋ ಲೆಕ್ಕಾಚಾರ. ಷೇರು ಅಂದರೆ ಅದೇ ಅಲ್ವಾ?

ಆಮೇಲೆ ಬಂತು 2020. ಮಾರ್ಚ್‌ನಲ್ಲಿ ಕೊರೋನಾಗೆ ಪೇಟೆ ಕುಸಿದು ಬಿದ್ದಿತ್ತು. ಮೇ ತಿಂಗಳಲ್ಲಿ, ಜನ ಮನೆಯಿಂದ ಹೊರಗೆ ಕಾಲಿಡಲು ಹೆದರುತ್ತಿದ್ದ ಹೊತ್ತಿನಲ್ಲಿ, ಮಾಲೀಕರು ಡಿಲಿಸ್ಟಿಂಗ್ ಪ್ರಸ್ತಾಪ ಇಟ್ಟರು. ಫ್ಲೋರ್ ಪ್ರೈಸ್, ಅಂದರೆ ಅದಕ್ಕಿಂತ ಕೆಳಗೆ ಇಳಿಯಬಾರದ ಬೆಲೆ, 87 ರೂಪಾಯಿ 25 ಪೈಸೆ. ಈ ಬೆಲೆ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತು. ನಿಮ್ಮದೇ ಸೂತ್ರ, ಹಿಂದಿನ 60 ವಹಿವಾಟು ದಿನಗಳ ಸರಾಸರಿ. ಪೇಟೆ ಪಾತಾಳಕ್ಕೆ ಇಳಿದ ದಿನಗಳೇ ಆ ಸರಾಸರಿಯಲ್ಲಿ ತುಂಬಿದ್ದವು. ಸೂತ್ರದಲ್ಲಿ ಲೋಪ ಇಲ್ಲ ಅಂತೀರಿ. ಸರಿ, ಲೋಪ ಇಲ್ಲ. ಮನೆಗೆ ಬೆಂಕಿ ಬಿದ್ದ ಮಾರನೇ ದಿನ ಬಂದು ಅವತ್ತಿನ ರೇಟು ಕೇಳುವವನದ್ದೂ ಲೋಪವಿಲ್ಲದ ವ್ಯಾಪಾರವೇ.

ಡಿಲಿಸ್ಟಿಂಗ್‌ಗೆ ಷೇರುದಾರರ ಒಪ್ಪಿಗೆ ಕೇಳಿದ ನಿರ್ಣಯ ಪಾಸಾಯಿತು. ಪಾಸಾಗದೆ ಏನು? ಸಾರ್ವಜನಿಕ ಷೇರುದಾರರಲ್ಲಿ ಬೇಡ ಅಂದವರಿಗಿಂತ ಬೇಕು ಅಂದವರ ಮತ ಎರಡು ಪಟ್ಟು ಇರಬೇಕು ಅನ್ನೋದು ನಿಮ್ಮ ನಿಯಮ, ಒಳ್ಳೇದೇ. ಆದರೆ ಆ ‘ಸಾರ್ವಜನಿಕ’ರಲ್ಲಿ ಯಾರ್‍ಯಾರು ಇದ್ದಾರೆ ನೋಡಿ. ಎಲ್ಐಸಿ, ಮ್ಯೂಚುವಲ್ ಫಂಡ್, ವಿದೇಶಿ ಫಂಡ್, ಕೊನೆಗೆ ನಾನು. ಮತ ತೂಗುವುದು ಷೇರಿನ ಲೆಕ್ಕದಲ್ಲಿ. ಕೋಟಿಗಟ್ಟಲೆ ಷೇರು ಇರುವವರ ಪಕ್ಕದಲ್ಲಿ ನನ್ನಂಥವರು ಎಷ್ಟು ಸಾವಿರ ಜನ ಕೈ ಎತ್ತಿದರೂ ಕಾಣುವುದಿಲ್ಲ. ಅವರೂ ಸಾರ್ವಜನಿಕರು, ನಾವೂ ಸಾರ್ವಜನಿಕರು. ಕೇಳಲು ಚೆನ್ನಾಗಿದೆ.

ಈಗ ಅಕ್ಟೋಬರ್ ಕಥೆ ಹೇಳಿಯೇ ಬಿಡುತ್ತೇನೆ, ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು. ಅಕ್ಟೋಬರ್ 5ರಿಂದ 9ರವರೆಗೆ ಬಿಡ್ ಹಾಕಲು, ಅಂದರೆ ನನ್ನ ಷೇರನ್ನು ಇಷ್ಟು ಬೆಲೆಗೆ ಕೊಡುತ್ತೇನೆ ಅಂತ ಬರೆಸಲು, ಅವಕಾಶ. ಐದೇ ದಿನ. ನನಗೆ ಮೊಬೈಲ್ ಆ್ಯಪ್‌ನಲ್ಲಿ ಆ ಆಯ್ಕೆಯೇ ಸಿಗಲಿಲ್ಲ. ಬ್ರೋಕರ್ ಕಚೇರಿಗೆ ಫೋನ್ ಮಾಡಿದರೆ ಖುದ್ದಾಗಿ ಬನ್ನಿ ಅಂದರು. ಮಾಸ್ಕ್ ಹಾಕಿಕೊಂಡು ಹೋದೆ. ಬಾಗಿಲಲ್ಲಿ ಹಗ್ಗ ಕಟ್ಟಿದ್ದರು, ಕೌಂಟರಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದರು. ಅದರ ಆಚೆ ಕೂತಿದ್ದ ಹುಡುಗ ಡಿಮ್ಯಾಟ್ ನಂಬರ್ ಕೇಳಿದ, ಷೇರು ಎಷ್ಟು ಅಂತ ಕೇಳಿದ, ಟಕಟಕ ಟೈಪ್ ಮಾಡಿ ಹಾಳೆಯ ಕೆಳಗಿಂದ ಒಂದು ಚೀಟಿ ತಳ್ಳಿದ. ಬೆಲೆ ಎಷ್ಟು ಹಾಕಲಿ ಅಂತ ಮಾತ್ರ ಕೇಳಲೇ ಇಲ್ಲ. ಕನ್ನಡಕ ಒರೆಸಿಕೊಂಡು ನೋಡಿದರೆ ಬೆಲೆಯ ಜಾಗದಲ್ಲಿ 87.25.

ಇದೇನಪ್ಪಾ, ನಾನು ಬೆಲೆಯನ್ನೇ ಹೇಳಿಲ್ಲವಲ್ಲ ಅಂದೆ. “ಎಲ್ರೂ ಇದೇ ಹಾಕಿಸ್ತಿದಾರೆ ಅಂಕಲ್, ಜಾಸ್ತಿ ಹಾಕಿದ್ರೆ ರಿಜೆಕ್ಟ್ ಆಗುತ್ತೆ” ಅಂದ.

ರಿಜೆಕ್ಟ್ ಆಗುತ್ತಂತೆ! ರಿವರ್ಸ್ ಬುಕ್ ಬಿಲ್ಡಿಂಗ್ ಅನ್ನೋದು ಇರುವುದೇ ನಮ್ಮ ಬೆಲೆಯನ್ನು ನಾವು ಹೇಳಲಿಕ್ಕೆ. ಮಾಲೀಕರ ಪಾಲು 90 ಪ್ರತಿಶತ ಮುಟ್ಟುವುದು ಯಾವ ಬೆಲೆಗೋ ಅದೇ ಎಲ್ಲರ ಬೆಲೆ. ಕೆಳಗಿನ ಬೆಲೆಗೆ ಒಂದೊಂದು ಬಿಡ್ ಬಿದ್ದಂತೆ ಎಲ್ಲರ ಬೆಲೆಯೂ ಕೆಳಕ್ಕೆ ಜಗ್ಗುತ್ತದೆ. ಆ ಹುಡುಗನಿಗೆ ಇದು ಗೊತ್ತಿರಲಿಲ್ಲವೋ, ಯಾರಾದರೂ ಹಾಗೆ ಹೇಳಿಕೊಟ್ಟಿದ್ದರೋ, ನನಗೆ ತಿಳಿಯದು. ಜಗಳ ಮಾಡಿಯೇ ಬೆಲೆ ಏರಿಸಿ ಹಾಕಿಸಿದೆ. ಪುಣ್ಯಕ್ಕೆ ಅದು ಕೊನೆಯ ದಿನ ಆಗಿರಲಿಲ್ಲ, ಆಗಿದ್ದರೆ ಏರಿಸಲೂ ನಿಯಮ ಬಿಡುತ್ತಿರಲಿಲ್ಲ. ನನ್ನ ಹಿಂದೆ ಹಗ್ಗದಾಚೆ ಒಬ್ಬರು ಅಜ್ಜಿ ನಿಂತಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಬ್ಯಾಂಕ್ ಪಾಸ್‌ಬುಕ್. ಅವರ ಚೀಟಿಯಲ್ಲಿ ಯಾವ ಬೆಲೆ ಬಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ಚೀಟಿಯಲ್ಲಿ ಇದ್ದದ್ದು ಬರೀ ಇಂಗ್ಲಿಷ್, ಅದೂ ಇರುವೆ ಸಾಲಿನಷ್ಟು ಸಣ್ಣ ಅಕ್ಷರ.

ಕೊನೆಗೆ ಆಗಿದ್ದೇನು? ಎಲ್ಐಸಿ ತನ್ನ ಪಾಲಿಗೆ 320 ರೂಪಾಯಿ ಹಾಕಿತು. 90 ಪ್ರತಿಶತ ಮುಟ್ಟಲು ಬೇಕಾಗಿದ್ದು 134 ಕೋಟಿ ಚಿಲ್ಲರೆ ಷೇರು, ದೃಢಪಟ್ಟದ್ದು 125 ಕೋಟಿ ಚಿಲ್ಲರೆ. ಡಿಲಿಸ್ಟಿಂಗ್ ಬಿದ್ದುಹೋಯಿತು. ಮುಂದಿನ ವರ್ಷ ಅದೇ ಮಾಲೀಕರು ಓಪನ್ ಆಫರ್ ತಂದರು, ಅಂದರೆ ಇಷ್ಟು ಬೆಲೆಗೆ ನಿಮ್ಮ ಷೇರು ಕೊಳ್ಳುತ್ತೇವೆ ಅಂತ ಎಲ್ಲರಿಗೂ ಹೇಳಿದರು. ಮೊದಲು 160 ಅಂದರು, ಆಮೇಲೆ ತಾವೇ 235ಕ್ಕೆ ಏರಿಸಿದರು. ಇನ್ನೂ ಕೇಳಿ, 2022-23ರಲ್ಲಿ ಈ ಕಂಪನಿ ಕೊಟ್ಟ ಡಿವಿಡೆಂಡ್, ಅಂದರೆ ಲಾಭದ ಪಾಲು, ಷೇರಿಗೆ 101 ರೂಪಾಯಿ 50 ಪೈಸೆ. ಒಂದೇ ವರ್ಷದ ಡಿವಿಡೆಂಡ್! ಅಂದರೆ 87.25ಕ್ಕೆ ಕೊಟ್ಟು ಹೋಗಿ ಅಂದ ಷೇರು, ಆಮೇಲೆ ಒಂದೇ ವರ್ಷದಲ್ಲಿ ಅದಕ್ಕಿಂತ ಜಾಸ್ತಿ ದುಡ್ಡನ್ನು ಕೈಗೆ ಕೊಟ್ಟಿತು. ಗಣಿ ವ್ಯಾಪಾರವೇ ಹಾಗೆ. ಲೋಹದ ಬೆಲೆ ಬಿದ್ದಾಗ ಯಾರಿಗೂ ಬೇಡ, ಎದ್ದಾಗ ಎಲ್ಲರಿಗೂ ಬೇಕು. ಬಿದ್ದ ಹೊತ್ತಿನಲ್ಲೇ ಕೊಳ್ಳಲು ಬರುವುದು ಮಾಲೀಕರ ಜಾಣತನ, ಅದಕ್ಕೆ ನಾನು ಬೈಯುವುದಿಲ್ಲ. ಆದರೆ ನಿಮ್ಮ ನಿಯಮ ಯಾರ ಕಡೆ ನಿಂತಿದೆ ಅಂತ ಕೇಳಬಾರದೇ?

ಆಗ ನಮ್ಮನ್ನು ಉಳಿಸಿದ್ದು ಎಲ್ಐಸಿ. ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಅವತ್ತು ಎಲ್ಐಸಿಗೆ ದುಡ್ಡಿನ ಅವಸರ ಇದ್ದು, 100 ರೂಪಾಯಿಗೆ ಕೊಡೋಣ ಅಂದಿದ್ದರೆ? ನಾವೂ ಅದರ ಹಿಂದೆ ಹೋಗಬೇಕಿತ್ತು. ಡಿಲಿಸ್ಟ್ ಆದ ಮೇಲೂ ಒಂದು ವರ್ಷ ಅದೇ ಬೆಲೆಗೆ ಕೊಡಬಹುದು ಅಂತ ನಿಯಮ ಇದೆಯಲ್ಲ ಅಂತೀರಿ. ಆ ವರ್ಷ ಮುಗಿದ ಮೇಲೆ ಆ ಷೇರನ್ನು ಯಾರು ಕೊಳ್ಳುತ್ತಾರೆ ಸಾರ್? ಅದಕ್ಕೇ ಹೇಳುವುದು, ನಮ್ಮ ಮತವನ್ನು ಬೇರೆ ಎಣಿಸಿ.

ಬೇರೆ ಎಣಿಸಿದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ತೈಲ ಕಂಪನಿ ಕೇರ್ನ್ ಇಂಡಿಯಾವನ್ನು ಇದೇ ವೇದಾಂತದಲ್ಲಿ ಸೇರಿಸುವಾಗ ಮಾಲೀಕರ ಮತ ಬಿಟ್ಟು ಉಳಿದವರ ಒಪ್ಪಿಗೆ ಬೇಕಿತ್ತು. 2015ರಲ್ಲಿ ಒಂದು ಕೇರ್ನ್ ಷೇರಿಗೆ ಒಂದು ವೇದಾಂತ ಷೇರು, ಜೊತೆಗೆ ನಿಗದಿತ ದರದ ಡಿವಿಡೆಂಡ್ ಬರುವ ಒಂದು ಪ್ರಿಫರೆನ್ಸ್ ಷೇರು ಅಂದಿದ್ದರು. ಉಳಿದವರು ಒಪ್ಪಲಿಲ್ಲ. 2016ರ ಜುಲೈನಲ್ಲಿ ಆ ಒಂದು ಪ್ರಿಫರೆನ್ಸ್ ಷೇರು ನಾಲ್ಕಾಯಿತು. ಅಲ್ಲೂ ಎಲ್ಐಸಿಯಂಥ ದೊಡ್ಡವರು ಇದ್ದರು, ಒಪ್ಪುತ್ತೇನೆ. ಆದರೆ ಬೇಡ ಅನ್ನುವ ಹಕ್ಕು ಇದ್ದಾಗ ಬೆಲೆ ತಾನಾಗೇ ಏರುತ್ತದೆ ಅನ್ನೋದು ಗೊತ್ತಾಯಿತಲ್ಲ.

ನೀವು ಮಾಡಿದ್ದು ಉಲ್ಟಾ. 2024ರಲ್ಲಿ ಫಿಕ್ಸೆಡ್ ಪ್ರೈಸ್ ದಾರಿ ತೆರೆದಿರಿ. ಫ್ಲೋರ್ ಪ್ರೈಸ್ ಮೇಲೆ 15 ಪ್ರತಿಶತ ಕೊಟ್ಟರೆ ಸಾಕು, ನಮ್ಮ ಬೆಲೆ ಕೇಳಬೇಕಾಗಿಲ್ಲ. 87.25ರ ಮೇಲೆ 15 ಪ್ರತಿಶತ ಅಂದರೆ ಎಷ್ಟು, ನೀವೇ ಲೆಕ್ಕ ಹಾಕಿ. ನೂರು ರೂಪಾಯಿ ಚಿಲ್ಲರೆ. ಆಮೇಲೆ 2025ರಲ್ಲಿ ಸರ್ಕಾರದ ಪಾಲು 90 ಪ್ರತಿಶತ ಮುಟ್ಟಿದ ಸರ್ಕಾರಿ ಕಂಪನಿಗಳಿಗೆ ಬೇರೆ ದಾರಿ ಕೊಟ್ಟಿರಿ, ಅಲ್ಲಿ ಸಾರ್ವಜನಿಕ ಷೇರುದಾರರ ಒಪ್ಪಿಗೆಯ ಷರತ್ತೇ ಹೋಯಿತು. ಮಂಗಳೂರಿನಲ್ಲಿರುವ ನನ್ನ ಭಾವನ ಹತ್ತಿರ ಕೆಐಒಸಿಎಲ್ ಷೇರು ಸ್ವಲ್ಪ ಇದೆ, ನಮ್ಮ ಹಳೇ ಕುದುರೆಮುಖ ಕಂಪನಿ. ಅದರಲ್ಲಿ ಸರ್ಕಾರದ ಪಾಲು 99 ಪ್ರತಿಶತ. “ನಮ್ಮದನ್ನೂ ಹೀಗೇ ಮಾಡಿಬಿಡ್ತಾರಾ?” ಅಂತ ಮೊನ್ನೆ ಫೋನ್‌ನಲ್ಲಿ ಕೇಳಿದರು. ಹಾಗೆ ಯಾರೂ ಹೇಳಿಲ್ಲ ಭಾವ ಅಂದೆ. ಮಾಡಿದರೆ ನಿಮ್ಮನ್ನು ಕೇಳಬೇಕು ಅನ್ನೋ ನಿಯಮವೂ ಇಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಅವತ್ತು ರಾತ್ರಿಯೇ ಈ ಪತ್ರ ಬರೆಯಲು ಕೂತೆ.

ಹೂಡಿಕೆದಾರರ ಜಾಗೃತಿ ಅಂತ ಟಿವಿಯಲ್ಲಿ, ಪೇಪರಿನಲ್ಲಿ ಜಾಹೀರಾತು ಕೊಡುತ್ತಲೇ ಇರುತ್ತೀರಿ. ಜಾಗೃತರಾಗಿದ್ದೇವೆ ಸ್ವಾಮಿ. ಈಗ ನಮ್ಮನ್ನು ಲೆಕ್ಕಕ್ಕೆ ತಗೊಳ್ಳಿ. ಬಿಡ್ ಹಾಕುವ ಚೀಟಿ ಕನ್ನಡದಲ್ಲಿ ಇರಲಿ, ಬೆಲೆಯ ಜಾಗವನ್ನು ಷೇರುದಾರ ಬಿಟ್ಟು ಬೇರೆ ಯಾರೂ ತುಂಬದಂತೆ ಮಾಡಿ. ಇವು ಸಣ್ಣ ಕೆಲಸ, ಒಂದು ಸುತ್ತೋಲೆಯಲ್ಲಿ ಮುಗಿಯುತ್ತದೆ. ದೊಡ್ಡದು ಮೊದಲೇ ಹೇಳಿದ್ದು. ಕಂಪನಿಯೇ ತನ್ನ ಷೇರನ್ನು ವಾಪಸ್ ಕೊಳ್ಳುವ ಬೈಬ್ಯಾಕ್ ನಿಯಮದಲ್ಲಿ ಎರಡು ಲಕ್ಷದೊಳಗಿನವರನ್ನು ಸಣ್ಣ ಷೇರುದಾರರು ಅಂತ ನೀವೇ ಬೇರೆ ಮಾಡಿ, ಅವರಿಗೆ ಪ್ರತ್ಯೇಕ ಪಾಲು ಇಟ್ಟಿದ್ದೀರಿ. ಅಲ್ಲಿ ಆಗುವುದು ಇಲ್ಲಿ ಯಾಕಾಗಲ್ಲ? ಡಿಲಿಸ್ಟಿಂಗ್ ಮತದಾನದಲ್ಲೂ ಅದೇ ಎರಡು ಲಕ್ಷದ ಗೆರೆ ಎಳೆದು, ನಮ್ಮ ಮತವನ್ನು ಬೇರೆ ಎಣಿಸಿ. ಆಗಲ್ಲ ಅನ್ನುವುದಾದರೆ ಯಾಕೆ ಆಗಲ್ಲ ಅಂತ ಬರೆದು ತಿಳಿಸಿ. ಕನ್ನಡದಲ್ಲಾದರೆ ಒಳ್ಳೇದು, ಭಾವನಿಗೂ ಓದಲು ಕೊಡಬಹುದು.

ಇಂತಿ,
ಚಿತ್ರದುರ್ಗದ ಒಬ್ಬ ಸಣ್ಣ ಷೇರುದಾರ