ಟರ್ಫ್ ಮೈದಾನದ ನೀರು ಪರೀಕ್ಷೆ ಮಾಡಿಸೋರು ಯಾರು?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಟರ್ಫ್ ಮೈದಾನದ ಕೃತಕ ಹುಲ್ಲಿನ ನಡುವೆ ತುಂಬಿದ್ದ, ಮಳೆಗೆ ಕೊಚ್ಚಿ ಬಂದ ಕರಿ ಪುಡಿಯ ಬಗ್ಗೆ ನಿಮ್ಮ ವರದಿ ಓದಿದೆ. ‘ಅದು ಬರೀ ರಬ್ಬರ್, ಏನೂ ಆಗಲ್ಲ’ ಅಂತ ಅಧಿಕಾರಿಯೊಬ್ಬರು ಹೇಳಿದ್ದಾರೆ. ಮೈ ಉರಿದುಹೋಯಿತು. ಪರೀಕ್ಷೆಯನ್ನೇ ಮಾಡಿಸದೆ ಅದು ಹೇಗೆ ಗೊತ್ತಾಯಿತು ಇವರಿಗೆ?

ಮೈದಾನದ ಪಕ್ಕದ ಮನೆ ನಮ್ಮದು. ಆ ರಾತ್ರಿ ಪುಡಿಯೆಲ್ಲ ಬಂದು ಮೋರಿ ಕಟ್ಟಿಕೊಂಡಿತು. ನೀರು ಗೇಟು ದಾಟಿ ಸಂಪಿಗೇ ಇಳಿಯಿತು. ಬೆಳಿಗ್ಗೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ತಳದಲ್ಲಿ ಸಾಸಿವೆ ಕಾಳಿನಂಥ ಕರಿ ಚೂರು ಕೂತಿವೆ. ಆ ನೀರನ್ನೆಲ್ಲ ಹೊರಗೆ ಹಾಕಿಸಿ, ಟ್ಯಾಂಕರ್‌ನವನು ಕೇಳಿದಷ್ಟು ಕೊಟ್ಟು ನೀರು ತರಿಸಬೇಕಾಯಿತು. ಮಗನ ಸಾಕ್ಸ್‌ನಲ್ಲಿ ಅದೇ ಪುಡಿ, ವಾಷಿಂಗ್ ಮೆಷಿನ್‌ನಲ್ಲೂ ಅದೇ. ಬಿಸಿಲೇರಿದರೆ ಟೈರ್ ವಾಸನೆ, ಕಿಟಕಿ ತೆಗೆಯೋ ಹಾಗಿಲ್ಲ.

ಈ ಪುಡಿ ಹಳೇ ಟೈರ್ ಅರೆದು ಮಾಡಿದ್ದು. ಟೈರಿನಲ್ಲಿ ಸತು ಇರುತ್ತದೆ, ಪಿಎಎಚ್ ಅನ್ನೋ ರಾಸಾಯನಿಕಗಳಿರುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಯುರೋಪಿಯನ್ ಒಕ್ಕೂಟದಲ್ಲಿ 2022ರ ಆಗಸ್ಟ್‌ನಿಂದ ಇಂಥ ಪುಡಿಯ ಒಂದು ಕಿಲೋದಲ್ಲಿ ಎಂಟು ಬಗೆಯ ಪಿಎಎಚ್ ಒಟ್ಟು ಸೇರಿ 20 ಮಿಲಿಗ್ರಾಂ ದಾಟುವಂತಿಲ್ಲ. 2031ರ ಅಕ್ಟೋಬರ್‌ನಿಂದ ಅಲ್ಲಿ ಮೈದಾನಕ್ಕೆ ಇದನ್ನು ಮಾರುವುದೇ ನಿಷೇಧ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಮಳೆ ಬಂದಾಗ ಕೋಹೊ ಸಾಲ್ಮನ್ ಮೀನು ಸಾಯುತ್ತಿದ್ದವು. ರಸ್ತೆ ನೀರಲ್ಲಿ ಬರೋ ಟೈರಿನ ರಾಸಾಯನಿಕವೇ ಅದಕ್ಕೆ ಕಾರಣ ಅಂತ 2020ರಲ್ಲಿ ಗೊತ್ತಾಯಿತು. ನಮ್ಮ ಮೋರಿ ನೀರೂ ರಾಜಕಾಲುವೆ ಸೇರಿ ಕೆರೆಗೇ ಹೋಗೋದು ಅಲ್ವಾ?

ಪರೀಕ್ಷೆ ಏನು ಬ್ರಹ್ಮವಿದ್ಯೆಯೇ? ಕಿಲೋ ಪುಡಿಗೆ ಹತ್ತು ಲೀಟರ್ ನೀರಿನ ಲೆಕ್ಕದಲ್ಲಿ ಹಾಕಿ, 24 ಗಂಟೆ ಕುಲುಕಿ, ಸೋಸಿ, ನೀರಿಗೆ ಏನೇನು ಬಿಟ್ಟಿದೆ ಅಂತ ಲ್ಯಾಬ್‌ನವರು ನೋಡುತ್ತಾರೆ. ಮಳೆ ಸುರಿಯುವಾಗ ಮೈದಾನದ ಪೈಪಿನಿಂದಲೂ ಒಂದು ಬಾಟಲಿ ಹಿಡಿದು ಕಳಿಸಬಹುದು. ಟರ್ಫ್ ಉದ್ಘಾಟನೆ ದಿನ ಹಾರ ಹಾಕಿಸಿಕೊಳ್ಳೋಕೆ ಸಾಲಾಗಿ ನಿಂತಿದ್ದರಲ್ಲ, ಅವರಲ್ಲಿ ಒಬ್ಬರಿಗಾದರೂ ಬಾಟಲಿ ಹಿಡಿಯೋಕೆ ಪುರುಸೊತ್ತಿಲ್ಲವೇ?

ಇವರದ್ದು ಯಾವತ್ತೂ ಇದೇ ಪಾಡು. ಬೆಳ್ಳಂದೂರು ಕೆರೆ ನೊರೆ ಕಾರಿ, 2017ರಲ್ಲಿ ಬೆಂಕಿ ಹತ್ತಿ ಉರಿದಾಗಲೇ ಬುದ್ಧಿ ಬರಬೇಕಿತ್ತು. ನಮ್ಮ ಬೀದಿಯಲ್ಲಿ ಕೇಬಲ್ ಹಾಕೋಕೆ ಅಗೆದ ಗುಂಡಿ ಇನ್ನೂ ಹಾಗೇ ಇದೆ. ಅತ್ತೆ ಅದರಲ್ಲೇ ಕಾಲು ಉಳುಕಿಸಿಕೊಂಡರು. ಫೋನ್ ಮಾಡಿದರೆ ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’ ಅನ್ನುತ್ತಾರೆ. ಆಫೀಸಿಗೆ ಹೋದರೆ ‘ಅದು ನಮ್ಮ ವಿಭಾಗಕ್ಕೆ ಬರಲ್ಲ’ ಅಂತ ಸಾಗಹಾಕುತ್ತಾರೆ. ತೆರಿಗೆ ಕಟ್ಟೋದು ಒಂದು ದಿನ ತಡವಾದರೆ ಮಾತ್ರ ನಮ್ಮ ಮನೆ ಯಾವ ವಿಭಾಗಕ್ಕೆ ಬರುತ್ತೆ ಅಂತ ಚೆನ್ನಾಗಿ ಗೊತ್ತಿರುತ್ತದೆ!

ಮೊದಲು ಪುಡಿ, ನೀರು ಎರಡನ್ನೂ ಪರೀಕ್ಷೆಗೆ ಕಳಿಸಲಿ. ಬಂದ ವರದಿಯನ್ನು ಮೈದಾನದ ಗೇಟಿಗೆ ಅಂಟಿಸಲಿ. ಆಗಲ್ಲ ಅಂದರೆ ಪುಡಿಯನ್ನೆಲ್ಲ ತೆಗೆಸಿ ಮಣ್ಣಿನ ಮೈದಾನವನ್ನೇ ವಾಪಸ್ ಕೊಡಲಿ. ಅದೂ ಆಗದಿದ್ದರೆ ಮುಂದಿನ ಮಳೆಗೆ ಮುಂಚೆ ಮೋರಿ ಹೂಳನ್ನಾದರೂ ಎತ್ತಿಸಲಿ. ಮಕ್ಕಳು ಉರುಳಾಡಿ ಆಡೋ ಜಾಗ ಅದು. ನಮ್ಮ ದುಡ್ಡಲ್ಲಿ ಸಂಬಳ ತಗೊಳ್ಳೋರಿಗೆ ಇಷ್ಟಾದರೂ ನಾಚಿಕೆ ಬೇಡವೇ?

– ನೊಂದ ನಿವಾಸಿ, ಬೆಂಗಳೂರು