ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಅಂತಲೂ ಕೇಳಿ

ಸಂಪಾದಕರಿಗೆ ನಮಸ್ಕಾರ.

ಬ್ರಿಟನ್ನಿನ ನರ್ಸ್‌ಗಳು ಅಮೆರಿಕದ ಆಸ್ಪತ್ರೆಗಳಿಗೆ ಹೋಗುತ್ತಿದ್ದಾರೆ ಎಂಬ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಮಾತು ಬರುತ್ತದೆ, ಡಾಲರ್ ಆಸೆಗೆ ರೋಗಿಗಳನ್ನು ಬಿಟ್ಟು ಹೋದರು ಅಂತ. ಕೇಳಿ ಕೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್, ಅಂದರೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ, ಒಂದು ಆಸ್ಪತ್ರೆಯಲ್ಲಿ ನರ್ಸ್. ನನ್ನ ಜೊತೆ ಕೆಲಸ ಮಾಡಿದ ಕೆಲವರು ಈಗ ಟೆಕ್ಸಾಸ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಇದ್ದಾರೆ. ಇನ್ನು ಕೆಲವರು ನೈಟ್ ಡ್ಯೂಟಿ ಮುಗಿಸಿ ಬಂದು, ಸ್ವಲ್ಪ ಹೊತ್ತು ಮಲಗಿ ಎದ್ದು, ಅಮೆರಿಕದ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದಾರೆ. ನನಗೆ ಹೋಗುವ ಯೋಚನೆ ಇಲ್ಲ. ಆದರೆ ಹೋದವರ ಬಗ್ಗೆ ಸುಮ್ನೆ ಹಗುರವಾಗಿ ಮಾತಾಡುವುದನ್ನು ಕೇಳಿಕೊಂಡು ಇರಲಾರೆ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದೇನು ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಹೊಸದಾಗಿ ಸೇರುವ ನರ್ಸ್ ಬ್ಯಾಂಡ್ 5 ಎಂಬ ಸಂಬಳದ ದರ್ಜೆಗೆ ಬರುತ್ತಾರೆ. 2025-26ರಲ್ಲಿ ಅದರ ಆರಂಭದ ಸಂಬಳ ವರ್ಷಕ್ಕೆ 31,049 ಪೌಂಡ್, ಅದೇ ಬ್ಯಾಂಡಿನ ತುದಿ ಮುಟ್ಟಿದರೆ 37,796 ಪೌಂಡ್. ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್‌ಗಳನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವವರಿಗೆ ಸಿಗುವುದು ವರ್ಷಕ್ಕೆ 93,600 ಡಾಲರ್. ಇದು 2024ರ ಮೇ ತಿಂಗಳ ಸರ್ಕಾರಿ ಲೆಕ್ಕ. ಪೌಂಡನ್ನು ಡಾಲರ್ ಮಾಡಿ ನೋಡಿದರೂ ನಮ್ಮದು ಅದರ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಲ್ಲೇ ಓದಿದ ಹುಡುಗ ಹುಡುಗಿಯರ ತಲೆ ಮೇಲೆ ಸಾಲವೂ ಇದೆ. ಮೊದಲು ನರ್ಸಿಂಗ್ ಓದಲು ಸರ್ಕಾರವೇ ಬರ್ಸರಿ ಎಂಬ ವಿದ್ಯಾರ್ಥಿವೇತನ ಕೊಡುತ್ತಿತ್ತು, ಇಂಗ್ಲೆಂಡಿನಲ್ಲಿ 2017ರಲ್ಲಿ ಅದನ್ನು ತೆಗೆದುಹಾಕಿದರು. ಆಮೇಲೆ ಸೇರಿದವರು ವರ್ಷಕ್ಕೆ 9,250 ಪೌಂಡ್ ಫೀಸು ಕಟ್ಟಿ ಓದಿದ್ದಾರೆ. 2020ರಿಂದ ವರ್ಷಕ್ಕೆ 5,000 ಪೌಂಡ್ ಸಹಾಯಧನ ಶುರುವಾಯಿತು ನಿಜ, ಫೀಸು ಮಾತ್ರ ಹಾಗೇ ಉಳಿಯಿತು.

ಆದರೆ ಅಮೆರಿಕದ ಸಂಬಳದ ಚೀಟಿಯನ್ನು ಪೂರ್ತಿ ಓದಬೇಕು. ಎನ್‌ಎಚ್‌ಎಸ್‌ನಲ್ಲಿ ಸೇರಿದ ಮೊದಲ ವರ್ಷವೇ 27 ದಿನ ಸಂಬಳದ ರಜೆ, ಅದರ ಮೇಲೆ ಸರ್ಕಾರಿ ರಜೆಗಳು. ಅಮೆರಿಕದಲ್ಲಿ ಸಂಬಳದ ರಜೆ ಇಷ್ಟು ಕೊಡಲೇಬೇಕು ಅಂತ ದೇಶಕ್ಕೆಲ್ಲ ಅನ್ವಯಿಸುವ ಕಾನೂನೇ ಇಲ್ಲ. ಹೆರಿಗೆಗೆ ಅಲ್ಲಿನ ಕೇಂದ್ರ ಕಾನೂನು ಕೊಡುವುದು 12 ವಾರ, ಅದೂ ಸಂಬಳ ಇಲ್ಲದೆ. ಆರೋಗ್ಯ ವಿಮೆ ಕೆಲಸಕ್ಕೆ ಅಂಟಿಕೊಂಡಿದೆ, ಕೆಲಸ ಹೋದರೆ ಅದೂ ಹೋದಂತೆ. ಇಲ್ಲಿನ ಪಿಂಚಣಿಯಂಥದ್ದು ಅಲ್ಲಿ ಸಿಗುವುದು ಕಷ್ಟ. ಇದೆಲ್ಲ ಹೋಗುವವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೋಗುತ್ತಿದ್ದಾರೆ ಅಂದರೆ ಬೇರೆ ಏನೋ ತಳ್ಳುತ್ತಿದೆ ಅಲ್ವಾ?

ಆ ಬೇರೆ ವಿಷಯ ಹೇಳಲಿಕ್ಕೇ ನಾನು ಕೂತಿದ್ದು. ಒಬ್ಬ ನರ್ಸ್ ಒಂದು ಶಿಫ್ಟಿನಲ್ಲಿ ಎಷ್ಟು ರೋಗಿಗಳನ್ನು ನೋಡಿಕೊಳ್ಳಬೇಕು?

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಕಾನೂನೇ ಇದೆ. 1999ರಲ್ಲಿ ಪಾಸಾಗಿ 2004ರಿಂದ ಜಾರಿಗೆ ಬಂತು. ಐಸಿಯುನಲ್ಲಿ ಒಬ್ಬ ನರ್ಸಿಗೆ ಹೆಚ್ಚೆಂದರೆ ಇಬ್ಬರು ರೋಗಿಗಳು, ಸಾಮಾನ್ಯ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡಿನಲ್ಲಿ ಐವರು. ನೀವು ಊಟಕ್ಕೆ ಹೋದಾಗಲೂ ಆ ಲೆಕ್ಕ ತಪ್ಪುವಂತಿಲ್ಲ, ಬೇರೆ ನರ್ಸ್ ಬಂದು ನಿಮ್ಮ ರೋಗಿಗಳನ್ನು ನೋಡಿಕೊಳ್ಳಬೇಕು. ಇಲ್ಲಿ ಕೆಲಸ ಮಾಡಿದವರಿಗೆ ಇದನ್ನು ಮೊದಲು ಕೇಳಿದಾಗ ನಂಬಿಕೆಯೇ ಬರುವುದಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋದ ಗೆಳತಿ ಫೋನಿನಲ್ಲಿ ಸಂಬಳದ ಮಾತು ಆಡಲೇ ಇಲ್ಲ, ಊಟದ ಬ್ರೇಕ್ ಸಿಗುತ್ತದೆ ಅನ್ನುವುದನ್ನೇ ಎರಡೆರಡು ಸಲ ಹೇಳಿದಳು.

ಇಂಗ್ಲೆಂಡಿನ ಕಥೆ ಬೇರೆ. ಸ್ಟಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳು ಕೇಳುವವರಿಲ್ಲದೆ ನರಳಿದ ಪ್ರಕರಣದ ಮೇಲೆ ದೊಡ್ಡ ತನಿಖೆ ನಡೆದು 2013ರ ಫೆಬ್ರವರಿಯಲ್ಲಿ ಫ್ರಾನ್ಸಿಸ್ ವರದಿ ಬಂತು. ಸಾಕಷ್ಟು ನರ್ಸ್‌ಗಳಿಲ್ಲದಿದ್ದರೆ ಏನಾಗುತ್ತದೆ ಎಂದು ಇಡೀ ದೇಶ ಆಗ ಓದಿತು. ಆ ನಂತರ ನೈಸ್ ಎಂಬ ಸರ್ಕಾರಿ ಸಂಸ್ಥೆಗೆ, ಯಾವ ವಾರ್ಡಿಗೆ ಎಷ್ಟು ನರ್ಸ್ ಬೇಕು ಎಂದು ಹೇಳುವ ಕೆಲಸ ಕೊಟ್ಟರು. 2014ರ ಜುಲೈನಲ್ಲಿ ಅದು ದೊಡ್ಡವರ ವಾರ್ಡುಗಳ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಹಗಲು ಶಿಫ್ಟಿನಲ್ಲಿ ಒಬ್ಬ ನರ್ಸಿಗೆ 8ಕ್ಕಿಂತ ಜಾಸ್ತಿ ರೋಗಿಗಳಾದರೆ ಅಪಾಯ ಹೆಚ್ಚುತ್ತದೆ ಅಂತ ಅದರಲ್ಲೇ ಇದೆ. ಒಂದು ವರ್ಷ ಕಳೆಯುವ ಮೊದಲೇ, 2015ರ ಜೂನ್‌ನಲ್ಲಿ, ಆ ಕೆಲಸವನ್ನೇ ನಿಲ್ಲಿಸಿದರು. ತುರ್ತು ಚಿಕಿತ್ಸಾ ವಿಭಾಗ ಮುಂತಾದ ಕಡೆಗಳಿಗೆ ಬರಬೇಕಿದ್ದ ಮಾರ್ಗಸೂಚಿಗಳು ಅಲ್ಲಿಗೇ ನಿಂತವು. ವಾರ್ಡಿನಲ್ಲಿ ಸಾಕಷ್ಟು ನರ್ಸ್ ಇರಲೇಬೇಕು ಎಂದು ವೇಲ್ಸ್ 2016ರಲ್ಲಿ ಕಾನೂನು ಮಾಡಿತು. ಸ್ಕಾಟ್ಲೆಂಡ್ 2019ರಲ್ಲಿ ಮಾಡಿದ ಕಾನೂನು 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಇಂಗ್ಲೆಂಡಿನಲ್ಲಿ ಇವತ್ತಿಗೂ ಅಂಥ ಕಾನೂನು ಇಲ್ಲ.

ವಾರ್ಡಿನ ಒಳಗೆ ಇದು ಹೇಗಿರುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೈಟ್ ಡ್ಯೂಟಿಯವರಿಂದ ರೋಗಿಗಳ ವಿವರ (ಹ್ಯಾಂಡೋವರ್) ತಗೊಂಡ ಕೂಡಲೇ ಮಾತ್ರೆ ಕೊಡುವ ರೌಂಡ್ ಶುರು. ಮೂರನೇ ಹಾಸಿಗೆಯವರ ಡ್ರಿಪ್ ಮುಗಿದು ಪಂಪ್ ಕೂಗುತ್ತಿರುತ್ತದೆ, ಐದನೆಯವರು ಬಾತ್‌ರೂಮಿಗೆ ಹೋಗಬೇಕು ಅಂತ ಬೆಲ್ ಒತ್ತಿರುತ್ತಾರೆ, ಮರೆವಿನ ಕಾಯಿಲೆಯ ಅಜ್ಜ ಒಬ್ಬರೇ ಎದ್ದು ನಡೆಯಲು ನೋಡುತ್ತಾರೆ, ಮನೆಯವರ ಫೋನು ಬರುತ್ತದೆ, ಅಷ್ಟರಲ್ಲಿ ಆಪರೇಷನ್ ಮುಗಿಸಿ ಬಂದವರ ಬಿಪಿ ಇಳಿಯುತ್ತಿರುತ್ತದೆ. ಬಿಪಿ, ಉಸಿರು, ಜ್ವರ, ಆಕ್ಸಿಜನ್ ಎಲ್ಲ ಸೇರಿಸಿ ನ್ಯೂಸ್ ಸ್ಕೋರ್ ಅಂತ ಒಂದು ಲೆಕ್ಕ ಬರೆಯುತ್ತೇವೆ. ರೋಗಿ ಹದಗೆಡುತ್ತಿದ್ದಾರೆ ಎಂದು ಮೊದಲು ಹೇಳುವುದು ಅದೇ. ಆದರೆ ಅದನ್ನು ಬರೆಯಲು ಯಾರಾದರೂ ಹಾಸಿಗೆಯ ಹತ್ತಿರ ಹೋಗಬೇಕಲ್ಲ. ಒಬ್ಬರಿಗೆ ಐದು ರೋಗಿಗಳಿದ್ದಾಗ ಹೋಗುತ್ತಾರೆ, ಹತ್ತು ಇದ್ದಾಗ ತಡವಾಗುತ್ತದೆ. ಆ ತಡವೇ ಕೆಲವರಿಗೆ ಜೀವ ಹೋಗುವ ತಡ.

ಇದು ನನ್ನ ಅನುಮಾನ ಅಷ್ಟೇ ಅಲ್ಲ. ಅಮೆರಿಕದ ಲಿಂಡಾ ಏಕನ್ ಮತ್ತು ಜೊತೆಗಾರರು ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ದಾಖಲೆ ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚು ಕಂಡುಬಂತು. 2014ರಲ್ಲಿ ಇಂಗ್ಲೆಂಡೂ ಸೇರಿ ಯೂರೋಪಿನ 9 ದೇಶಗಳಲ್ಲಿ ನೋಡಿದಾಗಲೂ ಅದೇ ಶೇ 7. ಈ ಅಂಕಿ ಗೊತ್ತಿರುವ ನರ್ಸ್ ಶಿಫ್ಟ್ ಮುಗಿಸಿ ಮನೆಗೆ ಹೋದರೂ ನಿದ್ದೆ ಬರುವುದಿಲ್ಲ, ಏನು ಬಿಟ್ಟುಹೋಯಿತೋ ಅಂತ ತಲೆ ತಿರುಗುತ್ತಲೇ ಇರುತ್ತದೆ. ನಮ್ಮಲ್ಲಿ ಕೆಲಸ ಬಿಟ್ಟವರು ಹೆಚ್ಚಿನವರು ಹೇಳಿದ್ದು ಇದನ್ನೇ.

ಬಿಡುವ ಮೊದಲು ಕೂಗಿ ಹೇಳಲಿಲ್ಲವಾ ಅಂತ ಕೇಳಬಹುದು. ಹೇಳಿದರು. 2022ರ ಡಿಸೆಂಬರ್ 15ರಂದು ಮತ್ತು 20ರಂದು ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಎಂಬ ನರ್ಸ್‌ಗಳ ಸಂಘದ ಸದಸ್ಯರು ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಮುಷ್ಕರ ಮಾಡಿದರು. 106 ವರ್ಷದ ಆ ಸಂಘದ ಇತಿಹಾಸದಲ್ಲಿ ಅಷ್ಟು ದೊಡ್ಡ ಮುಷ್ಕರ ಅದಕ್ಕೆ ಮೊದಲು ಆಗಿರಲಿಲ್ಲ. ಚಳಿಯಲ್ಲಿ ಗೇಟಿನ ಹೊರಗೆ ನಿಂತವರ ಕೈಯಲ್ಲಿದ್ದ ಫಲಕಗಳಲ್ಲಿ ಸಂಬಳದ ಜೊತೆಗೆ ರೋಗಿಗಳ ಸುರಕ್ಷತೆಯ ಮಾತೂ ಇತ್ತು. ಮುಂದಿನ ವರ್ಷ ಮತ್ತೆ ಮತ ಹಾಕಿಸಿದಾಗ ಅರ್ಧದಷ್ಟು ಜನರೂ ಮತ ಹಾಕಲಿಲ್ಲ, ಕಾನೂನಿನ ಪ್ರಕಾರ ಮುಷ್ಕರ ಮುಂದುವರಿಸುವಂತಿರಲಿಲ್ಲ. ಅಷ್ಟರಲ್ಲಿ ಜನ ದಣಿದಿದ್ದರು. ಕೆಲವರು ಆಗಲೇ ಅಮೆರಿಕದ ಪರೀಕ್ಷೆಗೆ ಫೀಸು ಕಟ್ಟಿದ್ದರು.

ಇಲ್ಲಿಂದ ಅಲ್ಲಿಗೆ ಹೋಗುವುದು ಹೊಸದೂ ಅಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಯಲ್ಲಿ ಕಲಿತ ಆಲಿಸ್ ಫಿಶರ್ 1884ರಲ್ಲೇ ಫಿಲಡೆಲ್ಫಿಯಾಗೆ ಹೋಗಿ, ಕೆಟ್ಟ ಹೆಸರಿದ್ದ ಅಲ್ಲಿನ ದೊಡ್ಡ ಆಸ್ಪತ್ರೆಯನ್ನು ಸರಿಪಡಿಸಿ, ನರ್ಸಿಂಗ್ ಶಾಲೆಯನ್ನೂ ಶುರು ಮಾಡಿದರು. ನಾಲ್ಕೇ ವರ್ಷದಲ್ಲಿ ಅಲ್ಲೇ ತೀರಿಕೊಂಡರು. ಆಕೆಯನ್ನು ಯಾರೂ ದುರಾಸೆಯವಳು ಅನ್ನಲಿಲ್ಲ.

ಈಗ ಕನ್ನಡದ ಓದುಗರಿಗೆ ನೇರವಾಗಿ ಸಂಬಂಧಿಸಿದ ಮಾತು. ಬ್ರಿಟನ್ನಿಗೆ ಹೊರಗಿನಿಂದ ಬರುವ ನರ್ಸ್‌ಗಳಲ್ಲಿ ಭಾರತದವರು ಮತ್ತು ಫಿಲಿಪ್ಪೀನ್ಸ್‌ನವರೇ ಜಾಸ್ತಿ. ಬೇರೆ ದೇಶದಲ್ಲಿ ಕೆಲಸ ಮಾಡಬೇಕಾದರೆ ನರ್ಸ್‌ಗಳನ್ನು ನೋಂದಾಯಿಸುವ ಇಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಿಂದ ಒಂದು ಸರ್ಟಿಫಿಕೇಟ್ ಬೇಕು. ಕೋವಿಡ್ ನಂತರ ಅದನ್ನು ಕೇಳುವವರು ಬಹಳ ಹೆಚ್ಚಾದರು. ಅವರಲ್ಲಿ ಹೆಚ್ಚಿನವರು ಕಣ್ಣಿಟ್ಟದ್ದು ಅಮೆರಿಕ, ನ್ಯೂಜಿಲೆಂಡ್, ಆಸ್ಟ್ರೇಲಿಯಾ ಮೇಲೆ, ಮತ್ತು ಹೆಚ್ಚಿನವರು ಬ್ರಿಟನ್ನಿನಲ್ಲಿ ಓದಿದವರಲ್ಲ, ಹೊರಗೆ ಓದಿ ಬಂದವರು. ಅಂದರೆ ಇದು ಬರೀ ಇಂಗ್ಲಿಷರ ಕಥೆ ಅಲ್ಲ. ಹಾಗಾಗಿ, ಮೊದಲು ಬ್ರಿಟನ್ನಿಗೆ ಹೋಗು, ಅಲ್ಲಿಂದ ಅಮೆರಿಕ ಸುಲಭ ಅಂತ ಏಜೆಂಟ್ ಹೇಳಿದರೆ ಒಂದು ನಿಯಮ ತಿಳಿದುಕೊಂಡಿರಿ.

ಅಮೆರಿಕಕ್ಕೆ ನರ್ಸ್‌ಗಳು ಹೆಚ್ಚಾಗಿ ಹೋಗುವುದು ಇಬಿ-3 ಎಂಬ ಗ್ರೀನ್ ಕಾರ್ಡ್ ದಾರಿಯಲ್ಲಿ. ಆ ಸರದಿಯಲ್ಲಿ ನಿಮ್ಮನ್ನು ನಿಲ್ಲಿಸುವುದು ನೀವು ಹುಟ್ಟಿದ ದೇಶದ ಲೆಕ್ಕದಲ್ಲಿ, ಪಾಸ್‌ಪೋರ್ಟಿನ ಲೆಕ್ಕದಲ್ಲಿ ಅಲ್ಲ. ಭಾರತದಲ್ಲಿ ಹುಟ್ಟಿ, ಎಷ್ಟೋ ವರ್ಷ ಬ್ರಿಟನ್ನಿನಲ್ಲಿ ದುಡಿದು, ಬ್ರಿಟಿಷ್ ಪಾಸ್‌ಪೋರ್ಟ್ ಪಡೆದರೂ ನೀವು ನಿಲ್ಲುವುದು ಭಾರತದ ಸಾಲಿನಲ್ಲೇ. ಆ ಸಾಲು ಹತ್ತು ವರ್ಷಕ್ಕೂ ಮೇಲೆ ಹಿಂದೆ ಬಿದ್ದಿದೆ. ಪಕ್ಕದ ವಾರ್ಡಿನಲ್ಲಿ ಅದೇ ಕೆಲಸ ಮಾಡುವ, ಬ್ರಿಟನ್ನಿನಲ್ಲೇ ಹುಟ್ಟಿದ ನರ್ಸ್ ಕೂಡ ಕಾಯಬೇಕು, ಆದರೆ ಇಷ್ಟು ವರ್ಷ ಅಲ್ಲ. ಫಿಲಿಪ್ಪೀನ್ಸ್‌ನವರ ಸಾಲೂ ಭಾರತದಷ್ಟು ಹಿಂದೆ ಇಲ್ಲ. ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಅವರ ದೇಶದ ಸಾಲನ್ನು ಬಳಸಿಕೊಳ್ಳಬಹುದು. ಇದು ಗೊತ್ತಿಲ್ಲದೆ ದುಡ್ಡು ಕಟ್ಟಿ ಕೂತವರು ಎಷ್ಟು ಜನ! ನನಗೆ ಇದು ಅನ್ಯಾಯ ಅನಿಸುತ್ತದೆ, ಒಂದೇ ಪರೀಕ್ಷೆ ಪಾಸಾದವರನ್ನು ಹುಟ್ಟಿದ ಜಾಗ ನೋಡಿ ಬೇರೆ ಬೇರೆ ನಿಲ್ಲಿಸುವುದು.

ಪರೀಕ್ಷೆ ಅಂದರೆ ಎನ್‌ಕ್ಲೆಕ್ಸ್, ಲಂಡನ್ನಿನಲ್ಲೇ ಬರೆಯಬಹುದು. ಕಂಪ್ಯೂಟರಿನಲ್ಲಿ ಕಡಿಮೆ ಅಂದರೆ 85 ಪ್ರಶ್ನೆ, ಹೆಚ್ಚೆಂದರೆ 150, ಐದು ಗಂಟೆ ಸಮಯ. ಪರೀಕ್ಷೆಗಿಂತ ಕಷ್ಟ ಕೊಡುವುದು ಬೇರೆ ಒಂದಿದೆ. ಬ್ರಿಟನ್ನಿನಲ್ಲಿ ಓದುವಾಗಲೇ ದೊಡ್ಡವರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕೆಯ ತೊಂದರೆ ಇರುವವರು ಎಂದು ನಾಲ್ಕು ದಾರಿಗಳಲ್ಲಿ ಒಂದನ್ನು ಹಿಡಿಯಬೇಕು. ಅಮೆರಿಕದ ರಾಜ್ಯಗಳು ಮಕ್ಕಳು, ಹೆರಿಗೆ, ಮಾನಸಿಕ ಆರೋಗ್ಯ ಎಲ್ಲದರಲ್ಲೂ ಪಾಠ ಮತ್ತು ವಾರ್ಡಿನ ಅನುಭವ ಕೇಳುತ್ತವೆ. ಹಾಗಾಗಿ ಇಲ್ಲಿ ಚೆನ್ನಾಗಿ ಓದಿ, ಎಷ್ಟೋ ವರ್ಷ ದುಡಿದ ನರ್ಸಿಗೂ ಕೆಲವು ರಾಜ್ಯಗಳು ಲೈಸೆನ್ಸ್ ಕೊಡುವುದಿಲ್ಲ. ಭಾರತದಲ್ಲಿ ಎಲ್ಲವನ್ನೂ ಓದಿ ಬಂದವರಿಗೆ ಈ ಒಂದು ತೊಂದರೆ ಕಡಿಮೆ.

ಇನ್ನು ಬಾಂಡ್. ಕೆಲವು ಏಜೆನ್ಸಿಗಳು ಎರಡು ಮೂರು ವರ್ಷ ಅಲ್ಲೇ ಇರಬೇಕು, ಮೊದಲೇ ಬಿಟ್ಟರೆ ಸಾವಿರಾರು ಡಾಲರ್ ಕಟ್ಟಬೇಕು ಅಂತ ಬರೆಸಿಕೊಳ್ಳುತ್ತವೆ. ಸಹಿ ಹಾಕುವ ಮೊದಲು ಆ ಪುಟವನ್ನು ಕಾನೂನು ಗೊತ್ತಿರುವವರಿಗೆ ತೋರಿಸಿ. ಯಾವ ರಾಜ್ಯ, ಯಾವ ವಾರ್ಡ್, ಒಬ್ಬರಿಗೆ ಎಷ್ಟು ರೋಗಿಗಳು ಅಂತ ಬರೆದುಕೊಡಲು ಕೇಳಿ. ಯಾಕೆಂದರೆ ಅಮೆರಿಕ ಪೂರ್ತಿ ಕ್ಯಾಲಿಫೋರ್ನಿಯಾ ಅಲ್ಲ. ಆರಿಗನ್ 2023ರಲ್ಲಿ ಇಂಥ ಕಾನೂನು ಮಾಡಿತು, ಮ್ಯಾಸಚೂಸೆಟ್ಸ್‌ನಲ್ಲಿ 2018ರಲ್ಲಿ ಜನರ ಮತಕ್ಕೆ ಇಟ್ಟಾಗ ಬಿದ್ದುಹೋಯಿತು. ಹೆಚ್ಚಿನ ರಾಜ್ಯಗಳಲ್ಲಿ ಸಂಖ್ಯೆಯ ಮಿತಿಯೇ ಇಲ್ಲ. ನ್ಯೂಯಾರ್ಕ್ ನಗರದಲ್ಲಿ 2023ರ ಜನವರಿಯಲ್ಲಿ ಸುಮಾರು 7,000 ನರ್ಸ್‌ಗಳು ಮೂರು ದಿನ ಮುಷ್ಕರ ಮಾಡಿದ್ದೂ ಇದೇ ಕಾರಣಕ್ಕೆ, ವಾರ್ಡಿನಲ್ಲಿ ಸಾಕಷ್ಟು ಜನ ಇಲ್ಲ ಅಂತ. ಇಲ್ಲಿಂದ ತಪ್ಪಿಸಿಕೊಂಡು ಹೋಗಿ ಅಲ್ಲೂ ಅದೇ ಗೋಳಿಗೆ ಬೀಳಬೇಡಿ.

ಬ್ರಿಟನ್ನಿನ ಸರ್ಕಾರದ ಬಗ್ಗೆ ನನ್ನ ದೂರು ಇಷ್ಟೇ. ಇಲ್ಲಿಂದ ಒಬ್ಬರು ಹೋದರೆ ಹೊರದೇಶದಿಂದ ಇನ್ನೊಬ್ಬರನ್ನು ಕರೆಸಿದರಾಯಿತು ಅಂತ ಎಷ್ಟು ವರ್ಷ ನಡೆಸುತ್ತಾರೆ? ನರ್ಸ್‌ಗಳ ಕೊರತೆ ಇರುವ ಬಡ ದೇಶಗಳಿಂದ ಎಳೆದುಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ನಿಯಮ ಮಾಡಿದೆ. ಬ್ರಿಟನ್ ಅದನ್ನು ಒಪ್ಪಿ, ನೈಜೀರಿಯಾ, ಘಾನಾದಂಥ ದೇಶಗಳನ್ನು ಕೆಂಪು ಪಟ್ಟಿಗೆ ಹಾಕಿ, ಅಲ್ಲಿಗೆ ಹೋಗಿ ಜನ ಹುಡುಕಬಾರದು ಅಂದಿದೆ. ಆದರೆ ಅಲ್ಲಿನವರು ತಾವಾಗಿ ಅರ್ಜಿ ಹಾಕಿದರೆ ತಡೆ ಇಲ್ಲ, ಹಾಗೆ ಬಂದವರು ನಮ್ಮ ವಾರ್ಡುಗಳಲ್ಲಿ ಎಷ್ಟೋ ಜನ ಇದ್ದಾರೆ. ಬಂದವರ ತಪ್ಪು ಖಂಡಿತ ಅಲ್ಲ. ಇರುವವರನ್ನು ಉಳಿಸಿಕೊಳ್ಳುವ ಕೆಲಸ ಮಾಡದೆ ತೂತು ಬಿದ್ದ ಕೊಡಕ್ಕೆ ನೀರು ಹೊಯ್ಯುತ್ತಿರುವವರ ತಪ್ಪು. 2015ರಲ್ಲಿ ನಿಲ್ಲಿಸಿದ ಕೆಲಸವನ್ನು ನೈಸ್‌ಗೆ ಮತ್ತೆ ಕೊಡಲಿ, ಅದು ಹೇಳುವ ಸಂಖ್ಯೆಯನ್ನು ಇಂಗ್ಲೆಂಡಿನಲ್ಲೂ ಕಾನೂನು ಮಾಡಲಿ. ಸಂಬಳ ಅಮೆರಿಕದಷ್ಟು ಆಗುವುದಿಲ್ಲ ಎಂದು ನಮಗೆಲ್ಲ ಗೊತ್ತು. ಎನ್‌ಎಚ್‌ಎಸ್ ಮೇಲೆ ಪ್ರೀತಿ ಇರುವವರು ಇನ್ನೂ ಬಹಳ ಜನ ಇದ್ದೇವೆ, ದುಡ್ಡಿಲ್ಲದವರೂ ದುಡ್ಡಿದ್ದವರೂ ಒಂದೇ ವಾರ್ಡಿನಲ್ಲಿ ಮಲಗುವ ಈ ವ್ಯವಸ್ಥೆಯಲ್ಲಿ ಕೆಲಸ ಮಾಡುವುದು ನನಗೆ ಹೆಮ್ಮೆ. ಆ ಕೆಲಸವನ್ನು ಸರಿಯಾಗಿ ಮಾಡಲು ಜನ ಕೊಡಿ ಅಂತಷ್ಟೇ ನಾವು ಕೇಳುತ್ತಿರುವುದು.

ಸಂಪಾದಕರಲ್ಲಿ ಒಂದು ವಿನಂತಿ. ಮುಂದಿನ ಸಲ ಈ ವಲಸೆಯ ಸುದ್ದಿ ಹಾಕುವಾಗ ಎರಡು ದೇಶಗಳ ಸಂಬಳದ ಪಕ್ಕದಲ್ಲೇ, ಎರಡೂ ಕಡೆ ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂಬುದನ್ನೂ ಹಾಕಿ. ಹುಟ್ಟಿದ ದೇಶದ ಸಾಲಿನ ವಿಷಯವನ್ನೂ ದಯವಿಟ್ಟು ಸೇರಿಸಿ, ನರ್ಸಿಂಗ್ ಓದುತ್ತಿರುವವರ ಮನೆಗಳಲ್ಲಿ ನಿಮ್ಮ ಪತ್ರಿಕೆ ಓದುತ್ತಾರೆ.

ಇಂತಿ,
ಇಂಗ್ಲೆಂಡಿನಲ್ಲಿ ದುಡಿಯುತ್ತಿರುವ ಒಬ್ಬ ನರ್ಸ್