ಅದು ಗುಲಾಬಿಯಲ್ಲ, ದಾಸವಾಳ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಬಂದ ರಾಷ್ಟ್ರೀಯ ಹೂವುಗಳ ಪಟ್ಟಿಯಲ್ಲಿ ದಕ್ಷಿಣ ಕೊರಿಯಾದ ಎದುರು ‘ಶಾರನ್ ಗುಲಾಬಿ’ ಎಂದು ಅಚ್ಚಾಗಿದೆ. ಇಂಗ್ಲಿಷಿನಲ್ಲಿ ಆ ಹೆಸರು ರೂಢಿಯಲ್ಲಿದೆ, ಒಪ್ಪುತ್ತೇನೆ. ಆದರೆ ಆ ಹೂವಿಗೂ ಗುಲಾಬಿಗೂ ನಂಟಿಲ್ಲ. ಅದು ನಮ್ಮ ಬೇಲಿಯ ದಾಸವಾಳದ ಕುಲದ್ದು. ಕೊರಿಯನ್ನರು ಅದನ್ನು ಮುಗುಂಗ್‌ಹ್ವಾ ಎನ್ನುತ್ತಾರೆ.

ನಾಪೋಕ್ಲು ಸಮೀಪ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಎರಡು ವರ್ಷದ ಹಿಂದೆ, ಕಾಫಿ ಕೊಯ್ಲು ಮುಗಿದ ಹೊತ್ತಿನಲ್ಲಿ, ಕೊರಿಯಾದ ವೃದ್ಧ ದಂಪತಿ ಬಂದು ಉಳಿದಿದ್ದರು. ಬೆಳಗ್ಗೆ ನಾನು ಪೂಜೆಗೆ ಹೂ ಕೊಯ್ಯುತ್ತಿದ್ದಾಗ ಆ ತಾಯಿ ಹಿಂದೆಯೇ ಬಂದು, ಬೇಲಿಯಡಿ ಬಿದ್ದಿದ್ದ ನಿನ್ನೆಯ ಹೂವೊಂದನ್ನು ಎತ್ತಿಕೊಂಡರು. ದಾಸವಾಳ ಎಸಳೆಸಳಾಗಿ ಉದುರುವುದಿಲ್ಲವಲ್ಲ. ಕೊಡೆ ಮಡಚಿದಂತೆ ಸುರುಳಿ ಸುತ್ತಿಕೊಂಡು ಇಡಿಯಾಗಿ ಬೀಳುತ್ತದೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅವರ ಯಜಮಾನರು ಇಂಗ್ಲಿಷಿನಲ್ಲಿ ವಿವರಿಸಿದರು: ಅವರ ಹೂವೂ ಬೆಳಗ್ಗೆ ಅರಳಿ ಸಂಜೆಗೆ ಹೀಗೆಯೇ ಸುತ್ತಿಕೊಂಡು ಬೀಳುತ್ತದೆ. ಆದರೆ ಗಿಡ ಜುಲೈಯಿಂದ ಅಕ್ಟೋಬರ್‌ವರೆಗೆ, ಸುಮಾರು 100 ದಿನ, ದಿನವೂ ಹೊಸ ಹೂ ಬಿಡುತ್ತಲೇ ಇರುತ್ತದೆ. ‘ಮುಗುಂಗ್’ ಎಂದರೆ ಕೊನೆಯಿಲ್ಲದ್ದು, ‘ಹ್ವಾ’ ಎಂದರೆ ಹೂವು. ಬಿಳಿ ಎಸಳಿನ ನಡುವಿನ ಕೆಂಪನ್ನು ಅವರು ‘ದಾನ್‌ಶಿಮ್’ ಎನ್ನುತ್ತಾರೆ, ಕೆಂಪು ಹೃದಯ. ನಿಷ್ಠೆಗೂ ಅದೇ ಮಾತು.

ಕೊರಿಯಾದಲ್ಲಿ ಜಪಾನಿನ ಆಳ್ವಿಕೆ 1910ರಿಂದ 1945ರವರೆಗೆ ನಡೆಯಿತು. ಆಗ ಈ ಗಿಡ ನೆಡುವುದೇ ಅಪರಾಧದಂತಾಗಿತ್ತು. ನಾಮ್‌ಗುಂಗ್ ಒಕ್ ಎಂಬ ಪತ್ರಕರ್ತ ಹೊಂಗ್‌ಚೊನ್‌ನಲ್ಲಿ ಶಾಲೆ ತೆರೆದು, ಮುಗುಂಗ್‌ಹ್ವಾ ಸಸಿ ಬೆಳೆಸಿ ಊರೂರಿಗೆ ಹಂಚಿದರು. 1933ರಲ್ಲಿ ಪೊಲೀಸರು ಅವರನ್ನು ಬಂಧಿಸಿದರು, ಸಸಿಗಳನ್ನು ನಾಶಮಾಡಿದರು. ಇಂದು ಅದೇ ಹೂವು ಆ ದೇಶದ ಪೊಲೀಸರ ಭುಜದ ಪಟ್ಟಿಯ ಮೇಲಿದೆ, ರಾಷ್ಟ್ರಗೀತೆಯ ಪಲ್ಲವಿಯಲ್ಲಿದೆ. ನಮ್ಮ ಪ್ಯಾಸೆಂಜರ್ ಗಾಡಿಯಂಥ ಒಂದು ರೈಲಿಗೂ ಅದರದೇ ಹೆಸರು. ಮಕ್ಕಳು ಮರಕ್ಕೆ ಮುಖ ಮಾಡಿ ‘ಮುಗುಂಗ್‌ಹ್ವಾ ಅರಳಿತು’ ಎಂದು ಕೂಗಿ ತಿರುಗುವ ಆಟವಿದೆ. ತಿರುಗಿದಾಗ ಅಲುಗಾಡಿದವರು ಸಿಕ್ಕಿಬಿದ್ದಂತೆ. ಆ ತಾಯಿ ನಮ್ಮ ಕಣದಲ್ಲಿ ನನ್ನ ಮೊಮ್ಮಕ್ಕಳಿಗೆ ಅದನ್ನು ಆಡಿಸಿದರು.

ಕೊಡಗಿನವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸುವ ನಾವು, ಅದನ್ನು ಯಾರಾದರೂ ಬೇರೆ ಹೂವೆಂದು ಬರೆದರೆ ಸುಮ್ಮನಿರುತ್ತೇವೆಯೇ? ಕೊರಿಯಾವೂ ನಮಗೆ ದೂರದ್ದಲ್ಲ. ನಮ್ಮ ಜನರಲ್ ತಿಮ್ಮಯ್ಯನವರು 1953ರಲ್ಲಿ ಅಲ್ಲಿಗೆ ಹೋಗಿ, ಯುದ್ಧಕೈದಿಗಳ ಹಸ್ತಾಂತರಕ್ಕಾಗಿ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯ. ಅದರ ಅಂಗಳದಲ್ಲಿ ಒಂದು ಮುಗುಂಗ್‌ಹ್ವಾ ಗಿಡ ನೆಡುವ ಬಗ್ಗೆ ಸಂಬಂಧಪಟ್ಟವರು ಯೋಚಿಸಬೇಕೆಂದು ಕೋರುತ್ತೇನೆ. ಸಸಿ ತರಿಸುವ ಖರ್ಚು ನನ್ನದು.

ತಿದ್ದುಪಡಿಯನ್ನು ದಯವಿಟ್ಟು ಮಕ್ಕಳ ಪುಟದಲ್ಲೇ ಹಾಕಿ. ನನ್ನ ಮೊಮ್ಮಗಳು ಆ ಪಟ್ಟಿಯನ್ನು ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಕೊಂಡಿದ್ದಾಳೆ.

ಇಂತು,
ನಿವೃತ್ತ ಶಿಕ್ಷಕಿ, ನಾಪೋಕ್ಲು, ಕೊಡಗು